ಉತಾರ, ರೇಷನ್ ಕಾರ್ಡ, ಹಕ್ಕುಪತ್ರ: ಮನಿ ಕಾಗದಪತ್ರ ನೋಡಿ ಕೌದಿ ಹೊಲಿಯೋದು ಹೆಂಗ

ನಿಮ್ಮ ಮನ್ಯಾಗೂ ಒಂದ್ ಚೀಲ ಇದ್ದ ಇರ್ತೈತಿ ನೋಡ್ರಿ, ಯಾವದೋ ಸೀರಿ ಅಂಗಡಿದು ದಪ್ಪನ ಪ್ಲಾಸ್ಟಿಕ್ ಚೀಲ, ಅದರಾಗ ರೇಷನ್ ಕಾರ್ಡ, ಹೊಲದ ಉತಾರ (ಪಹಣಿ), ಮನಿ ಹಕ್ಕುಪತ್ರ, ಸಾಲಿ ದಾಖಲಾತಿ, ಪಾಸ್‌ಬುಕ್ಕ, ಹಳೇ ಲೈಟ್ ಬಿಲ್ಲ, ಎಲ್ಲಾ ಮಡಚಿ ಮಡಚಿ ಮಡಿಕಿ ಇದ್ದಲ್ಲೆ ಹರದಿರ್ತಾವ. ನಮ್ಮ ಆಯಿ, ಅಂದ್ರ ಅವ್ವನ ಅವ್ವ, ತೀರಿಕೊಂಡ ಮ್ಯಾಲ ಆಕಿ ಚೀಲ ನನ್ನ ಕೈಗೆ ಬಂತು, ಯಾಕಂದ್ರ ವಾರಸಾ ಮಾಡ್ಸಾಕ ಓಡ್ಯಾಡೋ ಕೆಲಸ ನನಗ ಬಿದ್ದಿತ್ತು. ತಾರೀಖ ಪ್ರಕಾರ ಎಲ್ಲಾ ಕಾಗದ ನೆಲದ ಮ್ಯಾಲ ಹರವಿದೆ. ಒಬ್ಬ ಹೆಣಮಗಳ ಹೆಸರ ಐದ್ ಕಾಗದದಾಗ ಐದ್ ನಮೂನಿ. ಆಯಿ ಖರೇ ಹೆಸರ ಇಲ್ಲಿ ಹಾಕಂಗಿಲ್ಲ, ತಿಳಕೊಳ್ಳಾಕ ಗಂಗವ್ವ ಅಂತ ಇಟ್ಕೋರಿ: ಉತಾರದಾಗ ಗಂಗವ್ವ, ರೇಷನ್ ಕಾರ್ಡಿನ್ಯಾಗ ಗಂಗಮ್ಮ, ಡ್ಯಾಮಿನ ನೀರಾಗ ಊರು ಹ್ವಾದಾಗಿನ ಮುಳಗಡಿ ಕಾಗದದಾಗ ಗಂಗಾಬಾಯಿ, ಪಾಸ್‌ಬುಕ್ಕಿನ್ಯಾಗ ಒತ್ತು ಇಲ್ಲದ ಬರೇ ಗಂಗವ, ಇನ್ನೊಂದರಾಗ ಗಂಡನ ಹೆಸರ ಮುಂದ ಬಂದು ಆಕಿ ಹೆಸರಿಗೆ ಜಾಗಾನ ಸಾಲದ ಅರ್ಧಕ್ಕ ಕಟ್ ಆಗಿತ್ತು. ಒಂದು ಆಫೀಸಿನ್ಯಾಗ ಈ ಐದೂ ಹೆಸರು ಒಬ್ಬಾಕಿದ ಅಂತ ಬಾಂಡ್ ಪೇಪರ್ ಮ್ಯಾಲ ಬರಸ್ಕೊಂಡ ಬರ್ರಿ ಅಂದ್ರು. ಬರಸಿಕೊಟ್ವಿ. ಆ ಅಫಿಡವಿಟ್ ಕೈಯಾಗ ಹಿಡ್ಕೊಂಡ ಬಸ್ಸಿನ್ಯಾಗ ಬರುವಾಗ ನನಗ ಅನಿಸಿದ್ದು, ಈ ಐದ್ ಹೆಸರು ಕೂಡಿಸೋ ಕೆಲಸ ಕಾಗದಕ್ಕಿಂತ ಕೌದಿಗೆ ಚೊಲೊ ಬರ್ತೈತಿ, ಯಾಕಂದ್ರ ಬ್ಯಾರೆ ಬ್ಯಾರೆ ಚಿಂದಿ ಕೂಡಿಸಿ ಒಂದ ಮಾಡೋದ ಕೌದಿ ಕೆಲಸ.

ಆಮ್ಯಾಲ ಅಂಥಾವು ಮೂರು ಹೊಲದೀನಿ. ಬಾಗಲಕೋಟಿ ನವನಗರದಾಗ ನಮ್ಮ ಓಣಿ ಹೆಣಮಕ್ಕಳಿಗೂ ಹೇಳಿಕೊಟ್ಟೀನಿ. ಎಲ್ಲಿ ತಪ್ಪತೈತಿ, ಯಾವ ಅರಿವಿ ಕೈ ಕೊಡ್ತೈತಿ, ಏನ್ ಮಾಡಲೇಬಾರದು, ಗೊತ್ತಾದಷ್ಟು ಬರೀತೀನಿ. ಕಸೂತಿ ಬರಬೇಕು ಅಂತೇನಿಲ್ಲ, ಸೂಜ್ಯಾಗ ದಾರ ಪೋಣಸಾಕ ಬಂದ್ರ ಸಾಕು.

ಮೊದಲನೇದು, ಅಸಲಿ ಕಾಗದ ಮುಟ್ಟಬ್ಯಾಡ್ರಿ. ಕತ್ತರಸೋದು, ಹೊಲಿಯೋದು, ಇಸ್ತ್ರಿ ಮಾಡೋದು, ಯಾವದೂ ಬ್ಯಾಡ. ಎಲ್ಲಾ ಝೆರಾಕ್ಸ್ ಮಾಡಸ್ರಿ, ಫೋನಿನ್ಯಾಗ ಬೆಳಕ ಸರಿ ಇದ್ದಾಗ ಫೋಟೋ ಹೊಡಕೋರಿ, ಅಸಲಿ ಮತ್ತ ಚೀಲದಾಗ ಹಾಕಿ ಎಲ್ಲಿತ್ತೋ ಅಲ್ಲೇ ಇಡ್ರಿ. ಮಡಿಕಿ ಹರದಿದ್ರ ಅದಕ್ಕ ಸೆಲೋಟೇಪ್ ಹಚ್ಚಬ್ಯಾಡ್ರಿ, ವರ್ಷ ಕಳದಂಗ ಟೇಪ್ ಹಳದಿ ಆಗಿ ಅಕ್ಷರದ ಮ್ಯಾಲ ಕಲಿ ಬೀಳತೈತಿ. ಇನ್ನ ಬದಕಿದ್ದವರ ಕಾಗದ ಆಗಿದ್ರ ಅವರನ್ನ ಕೇಳ್ರಿ, ಬರೇ ಕೇಳೋದಲ್ಲ, ಯಾವ ಸಾಲು ಹೊಲಿತೀನಿ ಅಂತ ತೋರಿಸಿ ಕೇಳ್ರಿ. ಜಾತಿ ಸರ್ಟಿಫಿಕೇಟ್, ಆದಾಯದ್ದು, ಅಂಗವಿಕಲರ ಕಾರ್ಡ್, ಆಸ್ಪತ್ರಿ ಚೀಟಿ, ಇವನ್ನ ಮಂದಿ ಕಣ್ಣಿಗೆ ಬೀಳೋ ಗ್ವಾಡಿ ಮ್ಯಾಲ ನೇತು ಹಾಕೋದು ಅವರ ಇಷ್ಟ, ನಮ್ಮದಲ್ಲ.

ಇನ್ನ ಓದೋ ಕೆಲಸ. ಹೊಲಿಯೋಕ್ಕಿಂತ ಮೊದಲ ಒಂದ್ ವಾರ ಕಾಗದ ಓದ್ರಿ. ಸುಮ್ನ ಚಂದ ಕಾಣ್ತೈತಿ ಅಂತ ಆಫೀಸಿನ ಶಿಕ್ಕಾ (ಮುದ್ರಿ) ಒಂದ್ ಹೊಲದ್ರ ಅದು ಡಿಸೈನ್ ಆಗ್ತೈತಿ ಅಷ್ಟ. ನಾ ಹೇಳೋದು, ಒಂದ ಎಳಿ ಹಿಡೀರಿ: ಒಬ್ಬರ ಹೆಸರು, ಇಲ್ಲಾ ಒಂದ ಮನಿ ನಂಬರ್, ಇಲ್ಲಾ ಒಂದ ಊರ ಹೆಸರು, ಅದು ಒಂದೊಂದ ಕಾಗದದಾಗ ಹೆಂಗ ಬದಲಾಗಿ ಬಂದೈತಿ ಅಂತ ನೋಡ್ರಿ. ನಮ್ಮ ಕಡೆ ಕಾಗದದಾಗ ಇದು ಭಾಳ ಛಲೋ ಸಿಗ್ತೈತಿ. 1956ರ ನವೆಂಬರ್ 1ಕ್ಕಿಂತ ಮೊದಲ ಬೆಳಗಾವಿ, ವಿಜಾಪುರ ಮುಂಬಯಿ ರಾಜ್ಯದಾಗ ಇದ್ದವು, ಅವಾಗಿನ ಕಾಗದ ಮರಾಠಿ ಒಳಗ, ಮೋಡಿ ಅಕ್ಷರದಾಗನೂ ಇರ್ತಾವ. ಆಮ್ಯಾಲ ಮೈಸೂರು ಸರಕಾರ ಅಂತ ಬಂತು, 1973ಕ್ಕ ಕರ್ನಾಟಕ ಸರಕಾರ ಆತು, 1997ರಾಗ ವಿಜಾಪುರ ಜಿಲ್ಲಾ ಒಡದು ಬಾಗಲಕೋಟಿ ಬ್ಯಾರೆ ಜಿಲ್ಲಾ ಆತು, 2014ರ ನವೆಂಬರ್ 1ಕ್ಕ ಇಂಗ್ಲಿಷಿನ್ಯಾಗ ಬಿಜಾಪುರ ಹೋಗಿ ವಿಜಯಪುರ ಬಂತು, ಬೆಲ್ಗಾಮ್ ಹೋಗಿ ಬೆಳಗಾವಿ ಬಂತು. ನಮ್ಮ ಆಯಿ ಹುಟ್ಟಿದ್ದೂ ಒಂದ ತಾಲೂಕಿನ್ಯಾಗ, ಲಗ್ನ ಆಗಿ ಹ್ವಾದದ್ದೂ ಅದ ತಾಲೂಕಿನ್ಯಾಗ. ಆಕಿ ಇದ್ದಲ್ಲೆ ಇದ್ಲು, ಕಾಗದದ ತಲಿ ಮ್ಯಾಲಿನ ಸಾಲು ಮಾತ್ರ ಬದಲಾಗಕೋತನ ಹೋತು. ಕೊನೀಗೆ ಆಕಿ ಖರೇನ ಜಾಗಾ ಬಿಟ್ಟಿದ್ದು ಆಲಮಟ್ಟಿ ಡ್ಯಾಮಿನ ಹಿನ್ನೀರು ಬಂದಾಗ. 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಡ್ಯಾಮ್ ಅದು, ನೀರು ನಿಂತಿದ್ದು ಎಷ್ಟೋ ವರ್ಷದ ಮ್ಯಾಲ, ಹಳೇ ಬಾಗಲಕೋಟಿ ಎಷ್ಟೋ ಓಣಿ, ಹೊಳಿ ದಂಡಿ ಊರಗಳು ಹ್ವಾದವು, ಮಂದಿ ನವನಗರಕ್ಕ, ಪುನರ್ವಸತಿ ಕೇಂದ್ರಕ್ಕ ಬಂದ್ರು. ಅಗಸಿ, ಗುಡಿ, ಬೇವಿನ ಗಿಡ ಅಂತ ವಿಳಾಸ ಹೇಳ್ತಿದ್ದ ಮಂದಿ ಸೆಕ್ಟರ್ ನಂಬರು, ಪ್ಲಾಟ್ ನಂಬರು ಹೇಳಾಕ ಕಲಿಬೇಕಾತು. ನಿಮ್ಮ ಮನಿ ಮುಳಗಡಿ ಮನಿ ಆಗಿದ್ರ ಈ ಎರಡೂ ವಿಳಾಸ ಅಕ್ಕಪಕ್ಕ ಹೊಲೀರಿ, ಬ್ಯಾರೆ ಏನೂ ಬೇಕಾಗಂಗಿಲ್ಲ.

ಹುಟ್ಟಿದ ತಾರೀಖೂ ನೋಡ್ರಿ. ನಮ್ಮ ಮನ್ಯಾಗ ಮೂರು ಮಂದಿದು ಜೂನ್ 1. ಸಾಲಿಗೆ ಹಾಕುವಾಗ ಮಾಸ್ತರ್ರು ಬರದಿದ್ದ ತಾರೀಖು ಅದು, ಕರ್ನಾಟಕದಾಗ ಎಷ್ಟ್ ಮಂದಿದು ಜೂನ್ ಒಂದು ಐತೋ ಎಣಸಾಕ ಆಗಂಗಿಲ್ಲ. ಖರೇ ಹುಟ್ಟಿದ ದಿನ ಅವ್ವ ಹೇಳೋದು ಬ್ಯಾರೆನ ಇರ್ತೈತಿ, ಕಾರಹುಣ್ಣಿವಿ ಮರುದಿನ, ಜ್ವಾಳ ರಾಶಿ ಮಾಡುವಾಗ, ಹಿಂಗ. ಎರಡೂ ಬರ್ಕೋರಿ, ಮುಂದ ಕೆಲಸಕ್ಕ ಬರ್ತೈತಿ.

ಅರಿವಿ ಆರಿಸೋದು. ಈ ಕೆಲಸದಾಗ ಅರಿವಿನೂ ಒಂದ್ ಕಾಗದ ಇದ್ದಂಗ, ಅದರ ಮ್ಯಾಲೂ ಬರದದ್ದು ಇರ್ತೈತಿ. ಆಯಿ ಉಟ್ಟ ಇಳಕಲ್ ಸೀರಿ, ಗುಳೇದಗುಡ್ಡದ ಖಣದ ಕುಪ್ಪಸ, ಆಕಿ ಗಂಡ ಅಂದ್ರ ನಮ್ಮ ಮುತ್ತ್ಯಾನ ಧೋತರ, ರುಮಾಲ, ಇವು ಮನಿ ಕಡಿದು. ಆಫೀಸ್ ಕಡಿದು ಬೇಕಂದ್ರ ಸಾಲಿ ಯೂನಿಫಾರ್ಮ್, ಖಾಕಿ ಅಂಗಿ, ರೇಷನ್ ಗೋಧಿ ಬರೋ ಗೋಣಿಚೀಲ, ರೆಕಾರ್ಡ್ ರೂಮಿನ್ಯಾಗ ಹಳೇ ಕಡತ ಕಟ್ಟಿ ಇಡೋ ಅಂಥಾ ಕೆಂಪ ಅರಿವಿ. ಇವೆರಡೂ ಕೂಡಸಿದ್ರ ಮಾತು ತಾನ ಹುಟ್ಟತೈತಿ. ಖಾದಿ ಬೇಕಂದ್ರ ನಮ್ಮ ಕಡೆ ಕೊರತಿ ಇಲ್ಲ, ಬಾಗಲಕೋಟಿ ಹತ್ತರದ ತುಳಸಿಗೇರಿ ಒಳಗ ನೇಯೋ ಖಾದಿಯಿಂದನ ಹುಬ್ಬಳ್ಳಿ ಬೆಂಗೇರ್ಯಾಗ ರಾಷ್ಟ್ರಧ್ವಜ ಹೊಲಿತಾರ. ನಾನು ಫಾರ್ಮ್ ಹೊಲಿಯೋ ನಡುವಿನ ಪಟ್ಟಿಗೆ ಬಿಳಿ ಖಾದಿನ ತಗೊಂಡೆ, ಸರಕಾರದ ಮಾತು ಆಡಾಕ ಅದಕ್ಕಿಂತ ಸರಿಯಾದ ಅರಿವಿ ನನಗ ಕಾಣಲಿಲ್ಲ. ಧ್ವಜ ಮಾತ್ರ ಕತ್ತರಸಾಕ ಹೋಗಬ್ಯಾಡ್ರಿ, ಅದು ಅಪರಾಧ.

ಖಾದಿ, ಬಿಳಿ ಕಾಟನ್ ಮೊದಲ ಬಿಸಿನೀರಾಗ ಒಗದು ಒಣಗಸ್ರಿ, ಅವು ಕುಗ್ಗತಾವ. ಇಳಕಲ್ ಸೆರಗಿನ ಕೆಂಪ ಮತ್ತ ಖಣದ ಬಣ್ಣ ಪರೀಕ್ಷೆ ಮಾಡದ ತಗೋಬ್ಯಾಡ್ರಿ: ಬಿಳಿ ಅರಿವಿ ತೋಯಿಸಿ ಅದರ ಮ್ಯಾಲ ಒತ್ತಿ ತಿಕ್ಕಿ ನೋಡ್ರಿ, ಬಣ್ಣ ಹತ್ತಿದ್ರ ಅದನ್ನ ಬಿಳಿ ಪಕ್ಕ ಹೊಲಿಬ್ಯಾಡ್ರಿ, ಇಲ್ಲಾ ಬಣ್ಣ ಬಿಡೋದು ನಿಲ್ಲೋತನಕ ತಣ್ಣೀರಾಗ ಬ್ಯಾರೆ ಒಗೀರಿ. ನಾ ಮೊದಲನೇ ಕೌದಿ ಹೊಲಿಯುವಾಗ ಇದನ್ನ ಮಾಡಲಿಲ್ಲ, ಮುಗಿಸಿ ಒಗದ ದಿನ ಕೆಂಪು ಹರದು ಖಾದಿ ಮ್ಯಾಲ ಆಯಿ ಹೆಸರಿನ ತುಂಬ ಕಲಿ ಆತು, ಎರಡ್ ತಿಂಗಳ ಕೆಲಸ ಬಿಚ್ಚಿ ಮತ್ತ ಹೊಲದೆ. ಇಳಕಲ್ ಸೀರಿ ಕತ್ತರಸುವಾಗ ಮೈಯಿ ಮತ್ತ ಸೆರಗು ಕೂಡೋ ಜಾಗಾ ಒಂದು ಹಾಳ ಮಾಡಬ್ಯಾಡ್ರಿ. ಅಲ್ಲಿ ಮೈ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎರಡರ ಎಳಿ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿರ್ತಾರ. ಎರಡು ಬ್ಯಾರೆ ಎಳಿ ಹಿಂಗ ಗಂಟ ಹಾಕಿದ ಸಾಲು ನಿಮ್ಮ ಕೌದಿಯೊಳಗ ಹಳೇ ಊರು ಹೊಸಾ ಊರು ಕೂಡೋ ಜಾಗಾಕ್ಕ ಇಡ್ರಿ. ನಾ ಅಲ್ಲೇ ಇಟ್ಟೀನಿ.

ಅಳತಿ ವಿಷಯ. ಎ4 ಹಾಳಿ 21 ಸೆಂ.ಮೀ. ಅಗಲ, 29.7 ಉದ್ದ. ಮೊದಲನೇ ಸಲ ಅದರ ಎರಡ ಪಟ್ಟು ಇಟ್ಕೋರಿ, ಸುತ್ತಲೂ ಒಂದ್ ಇಂಚು ಹೊಲಿಗಿಗೆ ಬಿಡ್ರಿ. ಪೂರಾ ಹಾಸಗಿ ಅಳತಿ ಕೌದಿಗೆ ಮೊದಲ ಕೈ ಹಾಕಿದ್ರ ಅರ್ಧಕ್ಕ ಬಿಡ್ತೀರಿ.

ಈಗ ಕಾಗದದಾಗಿಂದು ಅರಿವಿ ಮ್ಯಾಲ ತರೋದು. ಹಾದಿ ನಾಕೈದು ಅದಾವ, ನಾ ಮೂರು ಹೇಳ್ತೀನಿ.

ಸಸಾರದ್ದು ಟ್ರೇಸ್ ಮಾಡೋದು. ಝೆರಾಕ್ಸ್ ಅಂಗಡ್ಯಾಗ ಬೇಕಾದ ಸಾಲು ದೊಡ್ಡದು ಮಾಡಸ್ರಿ, ಕಿಡಕಿ ಕಾಜಿಗೆ ಅದನ್ನ ಅಂಟಿಸಿ ಮ್ಯಾಲ ಖಾದಿ ಹಿಡಿದು ಪೆನ್ಸಿಲ್‌ಲೆ ಎಳೀರಿ. ಬಣ್ಣದ ಅರಿವಿ ಆಗಿದ್ರ ಟೇಲರ್ ಕಾರ್ಬನ್ ಹಳದಿ ಇಲ್ಲಾ ಬಿಳಿ ತಗೋರಿ. ಕೈಬರಹ ಇದ್ದ ಕಾಗದಕ್ಕ, ಅಂದ್ರ ಹಳೇ ತಲಾಠಿ (ಊರ ಲೆಕ್ಕಾಧಿಕಾರಿ) ಬರದ ಕೈಬರಹದ ಉತಾರಕ್ಕ ಇದ ಛಲೋ, ಯಾಕಂದ್ರ ಆ ಬರವಣಿಗಿ ಓಟ ದಾರದಾಗ ಹಂಗ ಬರ್ತೈತಿ, ಬ್ಯಾಕ್‌ಸ್ಟಿಚ್ ಇಲ್ಲಾ ಕಾಂಡದ ಹೊಲಿಗಿ ಹಾಕ್ರಿ.

ಎರಡನೇದು ಝೆರಾಕ್ಸನ್ನ ಸೀದಾ ಅರಿವಿ ಮ್ಯಾಲ ಇಳಸೋದು. ಲೇಸರ್ ಪ್ರಿಂಟ್ ಮತ್ತ ಝೆರಾಕ್ಸಿನ ಕರೇ ಪುಡಿ ಪ್ಲಾಸ್ಟಿಕ್ ಥರದ್ದು, ಕಾಗದದ ಮ್ಯಾಲ ಕರಗಿ ಕುಂತಿರ್ತೈತಿ, ಅದಕ್ಕ ಇದು ಸಾಧ್ಯ. ಇಂಕ್‌ಜೆಟ್ ಪ್ರಿಂಟಿಂದ ಆಗಂಗಿಲ್ಲ, ನೀರು ತಾಗಿದ್ರ ಹರದು ಹೋಗ್ತೈತಿ. ಅಂಗಡಿಯವರಿಗೆ ಮಿರರ್ ಪ್ರಿಂಟ್ ಕೊಡ್ರಿ ಅಂತ ಹೇಳೋದು ಮರೀಬ್ಯಾಡ್ರಿ, ಅಕ್ಷರ ಉಲ್ಟಾ ಇರಬೇಕು ಕಾಗದದಾಗ, ಅವಾಗ ಅರಿವಿ ಮ್ಯಾಲ ಸೀದಾ ಬೀಳ್ತಾವ. ಅರಿವಿ ಮ್ಯಾಲ ಅಕ್ರಿಲಿಕ್ ಮೀಡಿಯಂ ತೆಳ್ಳಗ ಬ್ರಶ್‌ಲೆ ಹಚ್ಚಿ, ಪ್ರಿಂಟ್ ಬೋರಲು ಹಾಕಿ, ಗಾಳಿ ಗುಳ್ಳಿ ಉಳೀದಂಗ ಲಟ್ಟಣಗಿ ಉಳ್ಳಸ್ರಿ, ಒಂದ್ ದಿನಾ ಪೂರ್ತಿ ಒಣಗಾಕ ಬಿಡ್ರಿ. ಮರುದಿನ ಕಾಗದದ ಬೆನ್ನಿಗೆ ನೀರು ಹಚ್ಚಿ ಬೆರಳಲೆ ಮೆಲ್ಲಕ ಉಜ್ಜಿದ್ರ ಕಾಗದ ಹಿಟ್ಟಿನಂಗ ಉದುರಿ ಬರ್ತೈತಿ, ಅಕ್ಷರ ಅರಿವಿ ಮ್ಯಾಲ ಉಳೀತಾವ. ಅವಸರ ಮಾಡಿದ್ರ ಅಕ್ಷರನೂ ಎದ್ದ ಬರ್ತಾವ. ಹಿಂಗ ಮಾಡಿದ ಜಾಗಾ ಬಿರುಸು ಆಗ್ತೈತಿ, ಸೂಜಿ ಸರಳ ಹಾಯಂಗಿಲ್ಲ, ಮುಂದ ಅದರ ಮ್ಯಾಲ ಸೀದಾ ಇಸ್ತ್ರಿ ಇಟ್ರ ಇಸ್ತ್ರಿಗೆ ಅಂಟತೈತಿ. ಅದಕ್ಕ ನಾ ಇದನ್ನ ಫಾರ್ಮಿನ ಸಣ್ಣ ಅಕ್ಷರಕ್ಕ ಮಾತ್ರ ಇಡ್ತೀನಿ, ಹೊಲಿಯಾಕ ಆಗಲಾರದಷ್ಟು ಸಣ್ಣ ಇರ್ತಾವಲ್ಲ, ಸೂಚನೆಗಳು, ಷರತ್ತುಗಳು ಅಂತ, ಅದಕ್ಕ.

ಮೂರನೇದು ಕಸೂತಿ. ನಾ ಮನಸಿಟ್ಟು ಹೇಳೋದು ಇದನ್ನ. ಕಸೂತ್ಯಾಗ ಡ್ರಾಯಿಂಗ್ ಮಾಡ್ಕೊಳ್ಳಂಗಿಲ್ಲ, ಅರಿವಿ ಎಳಿ ಎಣಿಸಿ ಎಣಿಸಿ ಹಾಕೋದು, ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಕು ಹೊಲಿಗಿ. ಗವಂತಿ, ಮುರಗಿ ಎರಡೂ ಬದಿ ಒಂದ ನಮೂನಿ ಕಾಣ್ತಾವ, ಗಂಟ ಹಾಕಂಗಿಲ್ಲ. ಎಣಿಕಿ ಮ್ಯಾಲ ನಿಂತಿರೋ ಕೆಲಸ ಆದ್ದರಿಂದ ನಂಬರು ಹೊಲಿಯಾಕ ಹೇಳಿ ಮಾಡಿಸಿದಂಗ ಐತಿ, ಆಫೀಸಿನವರೂ ನಮ್ಮನ್ನ ನಂಬರಿನ್ಯಾಗನ ಎಣಸ್ತಾರ. ಸಾಲಿ ಚೌಕಡಿ ವಹಿ ತಗೋರಿ, ಒಂದ್ ಅಂಕಿಗೆ ನಾಕು ಮನಿ ಅಗಲ, ಏಳು ಮನಿ ಎತ್ತರ, ನಡುವ ಎರಡು ಮನಿ ಖಾಲಿ. ಒಂದ್ ಮನಿಗೆ ನಾಕು ಎಳಿ. ಆಧಾರ್ ನಂಬರಿಗೆ 12 ಅಂಕಿ, ನಾಕನಾಕರ ಗುಂಪಿಗೆ ಇನ್ನೆರಡ ಮನಿ ಜಾಸ್ತಿ ಬಿಟ್ರ ಒಟ್ಟು 74 ಮನಿ, ಅಂದ್ರ 296 ಎಳಿ. ಇಂಚಿಗೆ 40 ಎಳಿ ಇರೋ ಅರಿವಿ ಆದ್ರ ಸುಮಾರು ಏಳೂವರಿ ಇಂಚಿನ್ಯಾಗ ಕುಂಡ್ರತೈತಿ, ಎ4 ಅಗಲದಾಗ ಬಂತು. ಎಳಿ ಎಣಸಾಕ ಕಣ್ಣು ಸಾಲಲಿಲ್ಲ ಅಂದ್ರ ಮ್ಯಾಟಿ ಬಟ್ಟಿ ತಗೋರಿ, ಇಲ್ಲಾ ಸೀರಿ ಮ್ಯಾಲ ನೆಟ್ ಅರಿವಿ ಇಟ್ಟು ನೆಟ್ಟಿನ ಕಣ್ಣು ಎಣಿಸಿ ಹೊಲದು ಆಮ್ಯಾಲ ನೆಟ್ಟಿನ ಎಳಿ ಒಂದೊಂದ ಜಗ್ಗಿ ತಗೀರಿ. ಗೋಣಿಚೀಲ ಆದ್ರ ಎಳಿ ದಪ್ಪ, ಎಣಿಕಿ ಸಸಾರ.

ಗವಂತಿ ಹಾಕೋದು ಹಿಂಗ: ನಾಕು ಎಳಿ ಮ್ಯಾಲ, ನಾಕು ಎಳಿ ಕೆಳಗ, ಮುಂದ ಹೋಗಕೋತ ಹೋಗ್ರಿ, ಸಾಲು ಮುಗಿದ ಮ್ಯಾಲ ಹೊಳ್ಳಿ ಬರುವಾಗ ಖಾಲಿ ಬಿಟ್ಟ ಜಾಗಾ ತುಂಬರಿ. ಅಂಕಿ ಒಳಗ ಟೊಂಗಿ ಹೊಡದಲ್ಲೆ, ಈಗ 4 ಐತಿ ಅಂದ್ರ ಅದರ ಅಡ್ಡ ಗೀಟು, ಹೋಗುವಾಗನ ಆ ಟೊಂಗಿಗೆ ಹೋಗಿ ಹೊಳ್ಳಿ ಬಂದು ಮುಂದ ನಡೀರಿ. ಆ್ಯಂಕರ್ ದಾರದ ಆರು ಎಳ್ಯಾಗ ಎರಡ ಎಳಿ ಸಾಕು. ಶುರು ಮಾಡುವಾಗ ಗಂಟ ಹಾಕದ ನಾಕು ಬೆರಳ ದಾರ ಬಿಡ್ರಿ, ಕೊನೀಗೆ ಅದನ್ನ ಹೊಲಿಗಿ ಒಳಗ ಮುಚ್ಚರಿ. ಕನ್ನಡ ಅಕ್ಷರ ದುಂಡ ಇರೋದರಿಂದ ಗವಂತ್ಯಾಗ ಮೆಟ್ಟಲ ಮೆಟ್ಟಲ ಆಗಿ ಬರ್ತಾವ, ಹಳೇ ಕಂಪ್ಯೂಟರ್ ಉತಾರದ ಚುಕ್ಕಿ ಪ್ರಿಂಟಿನಂಗ, ಬ್ಯಾಸರ ಆಗಬ್ಯಾಡ್ರಿ, ಚಂದ ಕಾಣ್ತೈತಿ. ಬೆನ್ನಿನ ಕಡೆ ಹೆಸರು ಉಲ್ಟಾ ಕಾಣ್ತೈತಿ, ಆದ್ರ ಮುಂದಿನಷ್ಟ ಸ್ವಚ್ಛ. ನನಗ ಅದು ಭಾಳ ಹಿಡಿಸಿದ್ದು, ಅದಕ್ಕ ಹಿಂದಿನ ಪದರ ಹಚ್ಚುವಾಗ ಹೆಸರಿನ ಜಾಗಾ ಕಿಡಕಿಯಂಗ ತಗದ ಬಿಟ್ಟೀನಿ.

ಇಲ್ಲೇ ಮೂರು ಮಾತು, ದಯವಿಟ್ಟು ಕೇಳ್ರಿ. ಪೂರಾ ಆಧಾರ್ ನಂಬರ್ ಹೊಲಿಬ್ಯಾಡ್ರಿ. ಮಾಸ್ಕ್ಡ್ ಆಧಾರ್ ಅಂತ ಸರಕಾರನ ಕೊಡೋದರಾಗ ಮೊದಲ ಎಂಟು ಅಂಕಿ ಮುಚ್ಚಿ ಕೊನೀ ನಾಕು ಅಷ್ಟ ತೋರಸ್ತಾರ, ಹಂಗ ಮಾಡ್ರಿ. ಎಂಟು ಅಂಕಿ ಜಾಗಾದಾಗ ಮೆಂತೆ ಹೊಲಿಗಿಲೆ ಎಂಟು ಗುಣಾಕಾರ ಚಿಹ್ನಿ ತುಂಬರಿ, ಮೆಂತೆ ಅಂದ್ರನ ಕತ್ತರಿ ಹೊಲಿಗಿ, ಅದಕ್ಕ ಸರಿ ಹೊಂದತೈತಿ. ಎರಡನೇದು, ಸಿಂಹದ ಲಾಂಛನ ಹೊಲಿಬ್ಯಾಡ್ರಿ. ರಾಷ್ಟ್ರ ಲಾಂಛನ ದುರ್ಬಳಕೆ ತಡಿಯಾಕ 2005ರಾಗ ಮಾಡಿದ ಕಾಯ್ದೆ ಐತಿ, ನಮ್ಮ ಮನಸಿನ್ಯಾಗ ಕೆಟ್ಟದ್ದಿಲ್ಲ ಖರೆ, ಆದ್ರೂ ಯಾಕ ಬೇಕು. ಶಿಕ್ಕಾದ ಸುತ್ತು ಹೊಲಿಯಾಕ ಬಳಿ ಇಟ್ಟು ಸುತ್ತಲೂ ಗೀಟ ಎಳೀರಿ, ನೇರಳಿ ದಾರದಾಗ ಸರಪಳಿ ಹೊಲಿಗಿ ಹಾಕ್ರಿ, ನಡುವ ಖಾಲಿ ಬಿಡ್ರಿ. ಆಯಿ ಬಳಿ ಉಳದಿದ್ರ ಅದನ್ನ ಇಟ್ಟ ಎಳೀರಿ. ಶಿಕ್ಕಾ ಒಂಚೂರು ವಾರಿ ಬೀಳ್ಲಿ, ಅರ್ಧ ಅಳಸಿರ್ಲಿ, ಖರೇ ಶಿಕ್ಕಾ ಹಂಗ ಇರ್ತೈತಿ. ಮೂರನೇದು ಹೆಬ್ಬಟ್ಟು. ಕಾಗದದ ಮ್ಯಾಲಿನ ಹೆಬ್ಬಟ್ಟನ್ನ ಇದ್ದಂಗ ಇದ್ದಂಗ ದೊಡ್ಡದು ಮಾಡಿ ಹೊಲಿಬ್ಯಾಡ್ರಿ, ಅದೂ ಒಬ್ಬರ ಗುರುತು, ಈಗ ಬೆರಳಚ್ಚಿನ ಮ್ಯಾಲ ರೊಕ್ಕ ಬಿಡಸ್ತಾರ. ಗೆರಿ ಬದಲ ಮಾಡ್ರಿ.

ಆದ್ರ ಹೆಬ್ಬಟ್ಟು ಬಿಡಬ್ಯಾಡ್ರಿ, ಯಾಕಂದ್ರ ಕೌದಿ ಹೊಲಿಯೋ ರೀತಿನ ಹೆಬ್ಬಟ್ಟಿನಂಗ ಐತಿ. ಕೌದಿ ಹೊಲಿಯೋರು ಅಂಚಿಂದ ಶುರು ಮಾಡಿ ಸುತ್ತ ಸುತ್ತಕೋತ ಒಳಗ ನಡುವಿಗೆ ಬರ್ತಾರ, ಸಾಲಿನ ಪಕ್ಕ ಸಾಲು. ಇದನ್ನ ನಾ ಮೊದಲ ನೋಡಿರಲಿಲ್ಲ, ಅರ್ಧ ಹೊಲದ ಮ್ಯಾಲ ದೂರ ನಿಂತು ನೋಡಿದಾಗ ಪೂರಾ ಕೌದಿ ಒಂದ ದೊಡ್ಡ ಬೆರಳಿನ ಗೆರಿಯಂಗ ಕಾಣ್ತು. ಆಯಿ ಸಹಿ ಮಾಡಾಕ ಬರ್ತಿರಲಿಲ್ಲ, ಎಲ್ಲಾ ಕಡೆ ಹೆಬ್ಬಟ್ಟ ಒತ್ತಿದಾಕಿ, ಆದ್ರ ಕೌದಿ ಮ್ಯಾಲ ಆಕಿ ಕೈ ಹೊಲಿಗಿ ಓಣ್ಯಾಗ ಯಾರ ಬೇಕಾದ್ರೂ ಗುರುತು ಹಿಡೀತಿದ್ರು. ಅದಕ್ಕ ಎರಡನೇ ಕೌದಿಯೊಳಗ ನಾ ಸುತ್ತಿನ ಸಾಲು ಚೌಕ ಬಿಟ್ಟು ಹೆಬ್ಬಟ್ಟಿನ ಬಳಕಿನಂಗ ತಿರಗಿಸಿ ಹೊಲದೆ. ನೀವೂ ಮಾಡಬೌದು, ಸುಣ್ಣದ ಕಡ್ಡಿಲೆ ಮೊದಲ ಗೆರಿ ಎಳಕೋರಿ.

ಈಗ ಫಾರ್ಮ್ ಕೂಡಸೋದು. ನನ್ನ ಅಭಿಪ್ರಾಯದಾಗ ಇದ ಎಲ್ಲಾಕ್ಕಿಂತ ಮುಖ್ಯ: ಕಾಗದ ಹೆಂಗೈತಿ ಹಂಗ ಮೊದಲ ಹೊಲೀರಿ. ಕಾಲಂ ಗೀಟು, ನಂಬರು, ತಪ್ಪು ಬರದ ಹೆಸರು, ಹೊಡದು ಹಾಕಿದ ಗೀಟು, ಎಲ್ಲಾ ಇದ್ದಂಗ. ಮಂದಿ ಶುರುದಾಗನ ಕಾಗದದ ಮ್ಯಾಲಿನ ಸಿಟ್ಟು ಹೊಲಿಯಾಕ ಹೋಗ್ತಾರ, ದೊಡ್ಡ ದೊಡ್ಡ ಅಕ್ಷರದಾಗ ನಾನು ನಂಬರ್ ಅಲ್ಲ ಅಂತ ಬರೀತಾರ, ಅದು ಬ್ಯಾನರ್ ಆಗ್ತೈತಿ. ಫಾರ್ಮನ್ನ ಖರೇವಂದು ಹೊಲದ್ರ ನೋಡೋರಿಗೆ ತಮ್ಮ ಮನಿ ಫಾರ್ಮ್ ನೆನಪಾಗ್ತೈತಿ. ಆಮ್ಯಾಲ ಕಾಲಮಿನ್ಯಾಗ ಹಿಡೀಲಾರದ್ದು ಯಾವದು ಅಂತ ಕೇಳಕೋರಿ, ಅದನ್ನ ಅಂಚಿನ್ಯಾಗ ಹೊಲೀರಿ.

ಉದಾಹರಣಿಗೆ ಉತಾರ ತಗೋರಿ. ಕಾಲಂ 9ರಾಗ ಮಾಲಕರ ಹೆಸರು, 11ರಾಗ ಇತರೆ ಹಕ್ಕು ಮತ್ತ ಋಣ, ನಮ್ಮ ಮಂದಿ ಅದಕ್ಕ ಬೋಜಾ ಅಂತಾರ, ಬ್ಯಾಂಕ್ ಸಾಲ ಇದ್ರ ಅಲ್ಲೇ ಬರ್ತೈತಿ. ನಾ 9ನೇ ಕಾಲಮಿನ್ಯಾಗ ಮುತ್ತ್ಯಾನ ಹೆಸರು ಕರೇ ದಾರದಾಗ ಗವಂತಿ ಹಾಕಿ, ಅದರ ಕೆಳಗ ಆಯಿ ಐದೂ ಹೆಸರು ಒಂದೊಂದ ಸಾಲಿನ್ಯಾಗ, ಒಂದೊಂದ ಕಾಗದದ ಕಾಲದ ಅರಿವಿ ಮ್ಯಾಲ ಹೊಲದೆ: ಗಂಗವ್ವ ಧೋತರದ ಮ್ಯಾಲ, ಗಂಗಮ್ಮ ಗೋಣಿಚೀಲದ ತುಂಡಿನ ಮ್ಯಾಲ, ಗಂಗಾಬಾಯಿ ಕೆಂಪ ಅರಿವಿ ಮ್ಯಾಲ, ಹಿಂಗ. 11ನೇ ಕಾಲಮಿನ್ಯಾಗ ಬೋಜಾ ಅಂತ ಬರದು ಆಕಿ ಯಾರ್ಯಾರಿಗೆ ಏನೇನು ಕೊಡೋದು ಬಾಕಿ ಐತಿ ಅಂತ ಹೇಳತಿದ್ಲೋ ಅದನ್ನ ಹೊಲದೆ, ಪಕ್ಕದ ಮನ್ಯಾಕಿಗೆ ಎರಡು ಸೇರು ಜ್ವಾಳ, ತವರಮನಿ ತಮ್ಮಗ ಒಂದ್ ಮಾತು. ಹುಟ್ಟಿದ ತಾರೀಖಿನ ಜಾಗಾದಾಗ ಜೂನ್ 1 ಅಂತ ಕಾಗದದ್ದ ಇಟ್ಟೀನಿ, ಅದರ ಹಿಂದಿನ ಬದಿ, ಉಲ್ಟಾ ಕಾಣೋ ಕಡೆ, ಕಾರಹುಣ್ಣಿವಿ ಮರುದಿನ ಅಂತ ಸೀದಾ ಹೊಲದೀನಿ.

ಆಫೀಸಿನ ಅರಿವಿ ಮ್ಯಾಲ ತನ್ನ ಮಾತು ಹೊಲದವರು ಮೊದಲೂ ಇದ್ರು. ಜರ್ಮನಿ ಒಳಗ ಆಗ್ನೆಸ್ ರಿಕ್ಟರ್ ಅಂತ ಒಬ್ಬ ಹೊಲಿಗಿ ಕೆಲಸದಾಕಿ, ಮಾನಸಿಕ ಆಸ್ಪತ್ರ್ಯಾಗ ಇಟ್ಟಿದ್ರು ಆಕಿನ್ನ, 1895ರ ಸುಮಾರು ಆಕಿ ಆಸ್ಪತ್ರಿ ಅರಿವಿಲೇನ ಹೊಲದ ಜಾಕೆಟ್ಟಿನ ತುಂಬ ಒಳಗ ಹೊರಗ ತನ್ನ ಬಗ್ಗೆ ದಾರದಾಗ ಬರದಾಳ, ಆಸ್ಪತ್ರ್ಯಾಗ ತನಗ ಕೊಟ್ಟ ಅರಿವಿ ನಂಬರೂ ಅದರಾಗ ಐತಿ. ಈಗ ಅದು ಹೈಡಲ್‌ಬರ್ಗ್‌ದ ಪ್ರಿನ್ಸ್‌ಹಾರ್ನ್ ಸಂಗ್ರಹದಾಗ ಐತಿ. ಭಾಳಷ್ಟು ಸಾಲು ಓದಾಕ ಆಗಂಗಿಲ್ಲ, ಮೈಗೆ ತಿಕ್ಕಿ ಸವದಾವ. ಅದರ ಫೋಟೋ ನೋಡಿದಾಗಿಂದ ನಾ ಒಂದ್ ರೂಢಿ ಮಾಡ್ಕೊಂಡೀನಿ, ಒಂದೆರಡು ಸಾಲು ಒಳಗಿನ ಪದರಿನ್ಯಾಗ ಹೊಲದು ಮುಚ್ಚತೀನಿ, ಯಾರೂ ಓದಂಗಿಲ್ಲ. ನೀವೂ ಹಂಗ ಮಾಡ್ರಿ ಅಂತ ಒತ್ತಾಯ ಇಲ್ಲ, ಆದ್ರ ಮನಸಿಗೆ ಬರ್ತೈತಿ ಹೊಲಿಯುವಾಗ.

ಕೌದಿ ಕಟ್ಟೋದು. ಕೆಳಗ ಗಟ್ಟಿ ಸೀರಿ, ನಡುವ ಹಳೇ ಧೋತರ ಇಲ್ಲಾ ಮೆತ್ತನ ಕಾಟನ್ ಸೀರಿ ಎರಡ್ ಪದರು, ಮ್ಯಾಲ ನಿಮ್ಮ ಫಾರ್ಮ್ ಮತ್ತ ಸುತ್ತಲಿನ ಚಿಂದಿ ಪಟ್ಟಿ. ಸ್ವಚ್ಛ ನೆಲದ ಮ್ಯಾಲ ಹಾಸಿ ನಾಕೂ ಕಡೆ ಕಲ್ಲು ಇಡ್ರಿ, ನಡುವಿಂದ ಅಂಚಿಗೆ ಕೈಲೆ ಸವರಿ ಸುಕ್ಕು ತಗೀರಿ, ದೊಡ್ಡ ದೊಡ್ಡ ಕಚ್ಚಾ ಹೊಲಿಗಿ ಹಾಕಿ ಪದರು ಅಲಗಾಡದಂಗ ಮಾಡ್ರಿ. ಆಮ್ಯಾಲ ಪಟ್ಟಿ ಅಂಚು ಒಳಗ ಮಡಚಿ ಓಟದ ಹೊಲಿಗಿ, ಅಕ್ಕಿಕಾಳಿನಷ್ಟು ಕಾಣೂವಂಗ, ಸಾಲಿಂದ ಸಾಲಿಗೆ ಒಂದ್ ಬೆರಳ ಅಂತರ. ದಪ್ಪ ನೂಲಿನ ದಾರಕ್ಕ ಮೇಣಬತ್ತಿ ತಿಕ್ಕಿದ್ರ ಸಿಕ್ಕ ಆಗಂಗಿಲ್ಲ. ಕಸೂತಿ ಹಾಕಿದ ಜಾಗಾದ ಮ್ಯಾಲ ಓಟದ ಸಾಲು ಹಾಯಿಸಬ್ಯಾಡ್ರಿ, ಸುತ್ತ ಹಾದು ಹೋಗ್ರಿ, ಇಲ್ಲಾಂದ್ರ ಅಕ್ಷರ ಜಗ್ಗಿ ಸೊಟ್ಟ ಆಗ್ತಾವ. ಉತ್ತರ ಕನ್ನಡದ ಸಿದ್ದಿ ಹೆಣಮಕ್ಕಳು ತಮ್ಮ ಕೌದಿಗೆ ಮೂಲ್ಯಾಗ ಅರಿವಿ ಮಡಚಿ ಫುಲಾ ಅಂತ ಇಡ್ತಾರ, ಅದಿಲ್ಲದ ಕೌದಿ ಪೂರ್ತಿ ಆಗಂಗಿಲ್ಲ ಅವರಿಗೆ. ನಾ ಮೂಲ್ಯಾಗ ಕಡತದ ಟ್ಯಾಗ್ ಹಾಕೀನಿ, ಅಂಚಿನ್ಯಾಗ ತಗಡಿನ ತುದಿ ಇರ್ತೈತಲ್ಲ ಆ ದಾರ, ಸ್ಟೇಷನರಿ ಅಂಗಡ್ಯಾಗ ಕಟ್ಟು ಸಿಗ್ತೈತಿ. ಸುತ್ತಿ ಕಟ್ಟಿ ಇಡಾಕನೂ ಅದ ಕೆಲಸಕ್ಕ ಬರ್ತೈತಿ. ಎರಡೂವರಿ ಫೂಟ್ ಅಗಲ, ಮೂರು ಫೂಟ್ ಉದ್ದದ್ದಕ್ಕ ನನಗ ಮಧ್ಯಾಹ್ನ ಮಧ್ಯಾಹ್ನ ಕುಂತು ಎರಡ್ ತಿಂಗಳ ಹಿಡಿತು.

ಹಿಂದ ಒಂದ್ ಪಟ್ಟಿ ಹಚ್ಚರಿ: ಯಾರ ಕಾಗದ ನೋಡಿ ಹೊಲದದ್ದು, ಅವರನ್ನ ಮನ್ಯಾಗ ಏನಂತ ಕರೀತಿದ್ರು, ಅರಿವಿ ಯಾರ್ಯಾರದು, ಹೊಲದವರು ಯಾರು, ಯಾವ ವರ್ಷ. ಕಾಗದದಾಗಿನ ಹೆಸರು ಮುಂದ ಅದಾವ, ಹಿಂದ ಕರಿಯೋ ಹೆಸರು ಇರ್ಲಿ. ಗ್ವಾಡಿಗೆ ಹಾಕೋದಿದ್ರ ಮ್ಯಾಲ ಹಿಂದ ಕಡೆ ಅರಿವಿದ ಕೊಳವಿ ಹೊಲದು ಕಟಗಿ ಕೋಲು ಸೇರಸ್ರಿ, ಮೊಳಿ ಹೊಡದು ಮೂಲಿ ಜೋತು ಬಿಟ್ರ ಭಾರಕ್ಕ ಹರೀತೈತಿ. ಬಿಸಲು ಬೀಳೋ ಗ್ವಾಡಿ ಬ್ಯಾಡ, ನಮ್ಮ ಕಡಿ ಬಿಸಲಿಗೆ ಒಂದ್ ಬ್ಯಾಸಗಿ ಒಳಗ ಬಣ್ಣ ಹಾರತೈತಿ. ಇಡೋದಿದ್ರ ಹಳೇ ಬಿಳಿ ಧೋತರದಾಗ ಸುತ್ತಿ ಇಡ್ರಿ, ಪ್ಲಾಸ್ಟಿಕ್ ಬ್ಯಾಡ, ಒಣ ಬೇವಿನ ಸೊಪ್ಪು ಅರಿವಿಗೆ ತಾಗದಂಗ ಚೀಲದಾಗ ಕಟ್ಟಿ ಪಕ್ಕ ಇಡ್ರಿ. ದಸರಾಕ್ಕ ಮನಿ ಸ್ವಚ್ಛ ಮಾಡುವಾಗ ಎಲ್ಲಾ ಕೌದಿ ಹೊಳಿಗೆ ಒಯ್ದು ಒಗೀತಾರಲ್ಲ, ಅವಾಗ ಇದನ್ನ ಕೊಡಬ್ಯಾಡ್ರಿ, ನೆರಳಿನ್ಯಾಗ ಹರವಿ ಒಂದ್ ದಿನ ಗಾಳಿಗೆ ಬಿಟ್ಟು, ಹಿಂದಿನ ಸಲ ಮಡಚಿದ ಜಾಗಾ ಬಿಟ್ಟು ಬ್ಯಾರೆ ಕಡೆ ಮಡಚಿ ಒಳಗ ಇಡ್ರಿ.